ಕಾಫಿ ತೋಟದ ನೆರಳನ್ನು ಒಮ್ಮೆಗೇ ತೆಗೆಯಬಹುದೆ?

ಬೆಳಕು ಹೆಚ್ಚಿದಷ್ಟೂ ಬೆಳೆ ಹೆಚ್ಚುವುದೆಂದು ಭಾವಿಸಿ, ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ನೆರಳುಮರಗಳನ್ನು ಒಂದೇ ಸಲಕ್ಕೆ ಕಡಿಸಿಬಿಡುವವರುಂಟು. ಮರದ ಬೆಲೆಯೂ ಕೈಸೇರುವುದರಿಂದ ಇದು ಇಮ್ಮಡಿ ಲಾಭವೆಂದು ತೋರುವುದು ಸಹಜ. ಆದರೆ ಎಲೆಯೊಳಗಿನ ವ್ಯಾಪಾರವನ್ನು ಬಲ್ಲವರು ಇದನ್ನು ಒಪ್ಪಲಾರರು.

ಎಲೆಯ ಹಸುರು ಬಣ್ಣವಾದ ಪತ್ರಹರಿತ್ತು ಬೆಳಕನ್ನು ಹೀರಿ ಆಹಾರದ ತಯಾರಿಕೆಗೆ ಒದಗಿಸುತ್ತದೆ. ಅರೇಬಿಕ ಕಾಫಿಯಾದರೋ ಮೂಲತಃ ಇಥಿಯೋಪಿಯ ದೇಶದ ಕಾಡುಗಳಲ್ಲಿ ಹೆಮ್ಮರಗಳ ಕೆಳಗೆ ಬೆಳೆದ ಗಿಡ. ನಡುಹಗಲ ಪೂರ್ಣ ಬಿಸಿಲಿನ ಸುಮಾರು ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬೆಳಕನ್ನು ಅದರ ಎಲೆಯು ಸಾಮಾನ್ಯವಾಗಿ ಬಳಸಲಾರದು. ಹೀರಿಯೂ ಬಳಕೆಯಾಗದ ಶಕ್ತಿಯು ಎಲೆಯೊಳಗಿನ ಆಮ್ಲಜನಕವನ್ನು ಕೆರಳಿಸಿ ವಿಷಪ್ರಾಯವಾಗಿಸುತ್ತದೆ. ಆಗ ಹಸುರು ಮಾಸಿ, ಎಲೆಯು ಹಳದಿಯಾಗಿ, ಕಡೆಗೆ ಸುಟ್ಟಂತಾಗುತ್ತದೆ.

ಈ ಅಪಾಯಕ್ಕೆ ಪ್ರಕೃತಿಯೇ ಕಾವಲನ್ನಿಟ್ಟಿದೆ. ಹಸುರಿನ ಮರೆಯಲ್ಲಿ ಕ್ಯಾರೊಟಿನಾಯ್ಡ್ ಎಂಬ ಹಳದಿ ಬಣ್ಣಗಳಿರುತ್ತವೆ. ಬಿಸಿಲು ಮಿತಿಮೀರಿದೊಡನೆ ಇವುಗಳಲ್ಲಿ ವಯೊಲಾಕ್ಸಾಂಥಿನ್ ಎಂಬುದು ಕೆಲವೇ ನಿಮಿಷಗಳಲ್ಲಿ ಝಿಯಾಕ್ಸಾಂಥಿನ್ ಆಗಿ ಮಾರ್ಪಟ್ಟು, ಹೆಚ್ಚಿನ ಶಕ್ತಿಯನ್ನು ಶಾಖವಾಗಿ ಹೊರಚೆಲ್ಲಲು ನೆರವಾಗುತ್ತದೆ. ಬೆಳಕು ತಗ್ಗಿದ ಮೇಲೆ ಪುನಃ ಮೊದಲಿನಂತಾಗುತ್ತದೆ. ಈ ಶಾಖದ ಸಂಬಂಧವನ್ನು 1987ರಲ್ಲಿ ಬಾರ್ಬರಾ ಡೆಮ್ಮಿಗ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿಕೊಟ್ಟರು. ತುಂಬಿದ ಕೆರೆಯು ಕೋಡಿ ಹರಿದು ಏರಿಯನ್ನು ಉಳಿಸಿಕೊಳ್ಳುವಂತೆಯೇ ಇದು.

ಆದರೆ ಕೋಡಿಗೂ ಒಂದು ಅಳತೆಯುಂಟು. ನೆರಳಿನಲ್ಲಿ ಬೆಳೆದ ಎಲೆಯಲ್ಲಿ ಈ ಕಾವಲು ಬಣ್ಣಗಳ ಸಂಗ್ರಹವು ಕಡಿಮೆ. ಅದನ್ನು ಹೆಚ್ಚಿಸಿಕೊಳ್ಳಲು ದಿನಗಳೂ, ಬಿಸಿಲನ್ನು ತಾಳಬಲ್ಲ ಹೊಸ ಎಲೆಗಳು ಮೂಡಲು ವಾರಗಳೂ ಬೇಕು. ಬೇಸಗೆಯ ಮೊದಲಲ್ಲಿ ಮರಗಳನ್ನು ಒಮ್ಮೆಗೇ ಕಡಿಸಿದರೆ ಗಿಡಕ್ಕೆ ಆ ಅವಕಾಶವೇ ದೊರೆಯದು. ಅದಲ್ಲದೆ, ಬಿಸಿಲಿಗೆ ಬಯಲಾದ ಅರೇಬಿಕ ಗಿಡಗಳಿಗೆ ಬಿಳಿ ಕಾಂಡಕೊರಕದ ಬಾಧೆಯೂ ಅಧಿಕ.

ನೆರಳು ಅತಿಯಾದರೂ ಫಸಲು ತಗ್ಗುವುದು ನಿಜ. ಆದುದರಿಂದ ಅದನ್ನು ತೆಗೆಯಲೇಬಾರದೆಂದು ಅರ್ಥವಲ್ಲ, ಕ್ರಮವರಿತು ತೆಗೆಯತಕ್ಕದ್ದು. ಮುಂಗಾರಿನ ಮೋಡದ ದಿನಗಳಲ್ಲಿ ಹಾಲುವಾಣದ ಕೊಂಬೆಗಳನ್ನು ಸವರಿಸಿ, ದೊಡ್ಡ ಮರಗಳನ್ನು ಕೆಲವು ವರ್ಷಗಳಿಗೆ ಹಂಚಿ ತೆಗೆಸುವುದು ಯುಕ್ತವು. ಸಸಿಮಡಿಯ ಚಪ್ಪರವನ್ನೂ ಹಾಗೆಯೇ ಸ್ವಲ್ಪ ಸ್ವಲ್ಪವಾಗಿ ತೆಳುವು ಮಾಡತಕ್ಕದ್ದು. ಮರ ಮಾರಿದ ಹಣವು ಒಂದು ವರ್ಷದ್ದು. ಹೋದ ನೆರಳು ಮರಳಿ ಬೆಳೆಯಲು ಅನೇಕ ವರ್ಷಗಳು ಬೇಕು. ಗ್ರಾಮದ ಮುಖಂಡರೂ ತೋಟದ ಒಡೆಯರೂ ಈ ಲೆಕ್ಕವನ್ನು ಕೊಡಲಿಯೆತ್ತುವ ಮೊದಲೇ ಮಾಡುವುದು ಲೇಸು.