‘ನಾನು’ ಮತ್ತು ‘ನನಗೆ’

ಮಕ್ಕಳೇ, ಕಳೆದ ವಾರ ಏಳನೇ ತರಗತಿಯ ನಮ್ಮ ಮೊಮ್ಮಗಳು ಇಂಗ್ಲಿಷ್ ಕಿರುಪರೀಕ್ಷೆಯ ಹಾಳೆ ತಂದು ನನ್ನ ಮುಂದಿಟ್ಟಳು. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂಬ ವಾಕ್ಯದ ಸುತ್ತ ಕೆಂಪು ಶಾಯಿಯ ಗುರುತು.

“ತಾತ, ಇದರಲ್ಲೇನು ತಪ್ಪು? ಎಲ್ಲರೂ ನಕ್ಕರು. ಇನ್ನು ಮೇಲೆ ನಾನು ಕ್ಲಾಸಲ್ಲಿ ಇಂಗ್ಲಿಷ್ ಮಾತಾಡಲ್ಲ” ಎಂದಳು.

ಆ ಮಾತು ಕೇಳಿ ನನಗೆ ಕಸಿವಿಸಿಯಾಯಿತು. ಬ್ಯಾಂಕಿಗೆ ಸೇರಿದ ಹೊಸದರಲ್ಲಿ ನಾನೂ ಒಂದು ಪತ್ರದಲ್ಲಿ ‘ದಿ ಪಾರ್ಟಿ ಈಸ್ ಹ್ಯಾವಿಂಗ್ ಆನ್ ಅಕೌಂಟ್ ವಿತ್ ಅಸ್’ ಎಂದು ಬರೆದಿದ್ದೆ. ಮೇಲಧಿಕಾರಿಗಳು ಎಲ್ಲರೆದುರು ಅದನ್ನು ಗಟ್ಟಿಯಾಗಿ ಓದಿ ನಕ್ಕರು. ತಪ್ಪೇನೆಂದು ಹೇಳಲಿಲ್ಲ. ಬಿ.ಕಾಂ. ಓದಿದವನಿಗೆ ಕೇಳಲು ನಾಚಿಕೆ. ಅಂದಿನಿಂದ ಇಂಗ್ಲಿಷ್ ಪತ್ರಗಳನ್ನೆಲ್ಲ ಪಕ್ಕದ ಮೇಜಿಗೆ ದಾಟಿಸಿದೆ. ಬಡ್ತಿ ಪರೀಕ್ಷೆಗೂ ಕೂರಲಿಲ್ಲ. ಗುಮಾಸ್ತನಾಗಿ ಸೇರಿದವನು ಗುಮಾಸ್ತನಾಗಿಯೇ ನಿವೃತ್ತನಾದೆ.

ಮೊಮ್ಮಗಳಿಗೆ ಹಾಗಾಗಬಾರದು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಪಾಸ್‌ಬುಕ್ ತೆರೆದೆ.

“ನೋಡು ಪುಟ್ಟಿ, ಹಣ ಕಟ್ಟುವುದು, ತೆಗೆಯುವುದು ಕೆಲಸ. ಕೆಲಸ ಶುರುವಾಗುತ್ತದೆ, ಮುಗಿಯುತ್ತದೆ. ಕೊನೆಯ ಸಾಲಿನ ಬ್ಯಾಲೆನ್ಸ್ ಕೆಲಸವಲ್ಲ, ಸ್ಥಿತಿ. ಅದು ಸುಮ್ಮನೆ ಇರುತ್ತದೆ. ಇಂಗ್ಲಿಷ್ ಕ್ರಿಯಾಪದಗಳಲ್ಲೂ ಹೀಗೆ ಎರಡು ಬಗೆ. ರೈಟ್, ರನ್, ಈಟ್ ಕೆಲಸ ಹೇಳುತ್ತವೆ. ಕೆಲಸ ಈಗ ನಡೆಯುತ್ತಿದ್ದರೆ ‘ಇಂಗ್’ ಹಚ್ಚಬೇಕು. ನೋ, ವಾಂಟ್, ಲೈಕ್, ‘ಇದೆ’ ಎಂಬ ಅರ್ಥದ ಹ್ಯಾವ್ ಸ್ಥಿತಿ ಹೇಳುತ್ತವೆ. ಅವಕ್ಕೆ ಸಾಮಾನ್ಯವಾಗಿ ‘ಇಂಗ್’ ಹಚ್ಚುವುದಿಲ್ಲ.”

“ಯಾವುದು ಯಾವ ಬಗೆ ಅಂತ ಹೇಗೆ ಗೊತ್ತಾಗುತ್ತೆ ತಾತ?”

“ಕನ್ನಡವನ್ನೇ ಕೇಳು. ‘ನಾನು ಬರೆಯುತ್ತಿದ್ದೇನೆ’, ‘ನಾನು ಓಡುತ್ತಿದ್ದೇನೆ’ ಎನ್ನುತ್ತೇವೆ. ಆದರೆ ‘ನನಗೆ ಗೊತ್ತು’, ‘ನನಗೆ ಬೇಕು’, ‘ನನಗೆ ಇಷ್ಟ’, ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’. ಕನ್ನಡದಲ್ಲಿ ‘ನನಗೆ’ ಬಂದ ಕಡೆ ‘ಇಂಗ್’ ಹಚ್ಚುವ ಮೊದಲು ಒಂದು ಕ್ಷಣ ನಿಲ್ಲು.”

ಕೆಲವು ಪದಗಳು ಎರಡೂ ಕಡೆ ಓಡಾಡುತ್ತವೆ. ‘ನನಗೆ ಅನಿಸುತ್ತದೆ’ ಎನ್ನುವಾಗ ‘ಐ ಥಿಂಕ್’. ‘ನಾನು ಯೋಚಿಸುತ್ತಿದ್ದೇನೆ’ ಎನ್ನುವಾಗ ‘ಐ ಆಮ್ ಥಿಂಕಿಂಗ್’. ಅಣ್ಣತಮ್ಮಂದಿರ ವಿಷಯದಲ್ಲಿ ‘ಐ ಹ್ಯಾವ್’. ಊಟ ಮಾಡುತ್ತಿದ್ದರೆ ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿಯೇ. ಕಿವಿಗೊಟ್ಟು ಕೇಳುವುದು ಕೆಲಸ, ಅದು ಲಿಸನ್. ತಾನಾಗಿ ಕಿವಿಗೆ ಬೀಳುವುದು ಹಿಯರ್.

ಈ ಉಪಾಯ ಎಲ್ಲ ಕಡೆಯೂ ನಡೆಯದು. ‘ನಾನು ನಂಬುತ್ತೇನೆ’ ಎಂದರೂ ಬಿಲೀವ್ ಸ್ಥಿತಿಯ ಪದವೇ. ಅಂಥವನ್ನು ಓದುತ್ತಾ ಓದುತ್ತಾ ಕಲಿಯಬೇಕು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಅಜ್ಜಿ ಸಾರಿನ ರುಚಿ ನೋಡುತ್ತಿದ್ದಳು. ಮೊಮ್ಮಗಳು ಸ್ವಲ್ಪ ಯೋಚಿಸಿ, “ಅಜ್ಜಿ ಈಸ್ ಟೇಸ್ಟಿಂಗ್ ದಿ ಸಾರು. ದಿ ಸಾರು ಟೇಸ್ಟ್ಸ್ ಗುಡ್!” ಎಂದು ಕೂಗಿದಳು. ಎರಡೂ ಸರಿ!

ಹಿರಿಯರಲ್ಲಿ ಒಂದು ವಿನಂತಿ. ಮಕ್ಕಳ ತಪ್ಪಿಗೆ ಕೆಂಪು ಗುರುತು ಹಾಕಿ, ಬೇಡವೆನ್ನುವುದಿಲ್ಲ. ಪಕ್ಕದಲ್ಲಿ ಕಾರಣವನ್ನೂ ಬರೆಯಿರಿ. ಮಕ್ಕಳೇ, ಯಾರೂ ಬರೆಯದಿದ್ದರೆ ನೀವೇ ಕೇಳಿ. ನಾನು ಕೇಳಲಿಲ್ಲ.