ಶಾಲೆಯ ಬ್ಯಾಂಡ್: ಅತಿಥಿಗಾಗಿಯೋ, ಮಕ್ಕಳಿಗಾಗಿಯೋ?

ಆಗಸ್ಟ್ 15 ಸಮೀಪಿಸುತ್ತಿದ್ದಂತೆ ಪಟ್ಟಣಗಳ ಶಾಲಾ ಮೈದಾನಗಳಲ್ಲಿ ಡ್ರಮ್ಮಿನ ಸದ್ದು ಕೇಳತೊಡಗುತ್ತದೆ. ಅದರೊಂದಿಗೆ ಸಮುದಾಯದ ಆಡಳಿತದಲ್ಲಿರುವ ಶಾಲೆಗಳಲ್ಲಿ ಹಳೆಯ ಚರ್ಚೆಯೊಂದೂ ತಲೆಯೆತ್ತುತ್ತದೆ. ನಮ್ಮ ಶಾಲೆಗೆ ಬ್ಯಾಂಡ್ ಬೇಕೇ? ಅದರಲ್ಲಿ ಹೆಣ್ಣುಮಕ್ಕಳು ಇರಬೇಕೇ? ಒಂದು ಗುಂಪು ಅದನ್ನು ನಿಷಿದ್ಧವೆಂದು ಬದಿಗಿಡುತ್ತದೆ. ಇನ್ನೊಂದು ಗುಂಪು ಪಕ್ಕದ ಶಾಲೆಯಲ್ಲಿದೆ ಎಂಬ ಏಕೈಕ ಕಾರಣಕ್ಕೆ ವಾದ್ಯ ಖರೀದಿಸಿ, ಸಮವಸ್ತ್ರ ಹೊಲಿಸುತ್ತದೆ. ಬ್ಯಾಂಡಿನಿಂದ ಮಗುವಿಗೆ ದಕ್ಕುವುದೇನು ಎಂಬ ಪ್ರಶ್ನೆಯನ್ನು ಮಾತ್ರ ಇವರಿಬ್ಬರೂ ಕೇಳುವುದಿಲ್ಲ.

ಬ್ಯಾಂಡ್ ಎಂದರೆ ಪಾಶ್ಚಾತ್ಯರ ಅನುಕರಣೆ ಎಂಬ ಆಕ್ಷೇಪವಿದೆ. ಆದರೆ ಇತಿಹಾಸ ಹೇಳುವುದೇ ಬೇರೆ. ಉಸ್ಮಾನಿಯಾ ಸೇನೆಯ ಜೊತೆಗೆ ಮೆಹ್ತರ್ ಎಂಬ ವಾದ್ಯತಂಡ ಸಾಗುತ್ತಿತ್ತು. 18ನೇ ಶತಮಾನದಲ್ಲಿ ಯುರೋಪಿನ ಸೇನೆಗಳು ಅದನ್ನು ಕಂಡೇ ತಮ್ಮ ತಂಡಗಳಿಗೆ ದೊಡ್ಡ ಡ್ರಮ್ ಮತ್ತು ಕಂಚಿನ ತಾಳಗಳನ್ನು ಸೇರಿಸಿಕೊಂಡವು. 1826ರಲ್ಲಿ ಸುಲ್ತಾನ್ ಎರಡನೇ ಮಹ್ಮೂದ್ ಜಾನಿಸರಿ ಸೇನೆಯನ್ನು ವಿಸರ್ಜಿಸಿದರು. ಅದರೊಂದಿಗೆ ಮೆಹ್ತರ್ ಕೂಡಾ ಮರೆಗೆ ಸರಿಯಿತು. 1828ರಲ್ಲಿ ಇಟಲಿಯ ಜ್ಯುಸೆಪ್ಪೆ ಡೊನಿಝೆಟ್ಟಿ ಇಸ್ತಾಂಬುಲಿಗೆ ಬಂದು ಹೊಸ ಮಾದರಿಯ ಬ್ಯಾಂಡನ್ನು ಕಟ್ಟಿದರು. ಕೊಟ್ಟ ವಸ್ತುವನ್ನೇ ಹೊಸ ಹೊದಿಕೆಯಲ್ಲಿ ಮರಳಿ ಪಡೆದಂತಾಯಿತು. ನಮ್ಮ ದೇಶದ ಸೈನಿಕ ಬ್ಯಾಂಡ್‌ಗಳು ನುಡಿಸುವ ತರಾನಾ-ಎ-ಹಿಂದಿಯನ್ನು 1904ರಲ್ಲಿ ಬರೆದವರು ಅಲ್ಲಾಮಾ ಇಕ್ಬಾಲ್. ಬ್ಯಾಂಡ್ ವಾದ್ಯಗಳ ತಯಾರಿಕೆಗೆ ಹೆಸರಾದ ಮೀರತ್ತಿನ ಜಾಲಿ ಕೋಠಿಯಲ್ಲಿ ಹಿತ್ತಾಳೆಯನ್ನು ಬಡಿದು ತುತ್ತೂರಿಗೆ ರೂಪ ಕೊಡುವವರಲ್ಲಿ ಬಹಳ ಮಂದಿ ಮುಸ್ಲಿಮ್ ಕುಶಲಕರ್ಮಿಗಳು. ಹೀಗಿರುವಾಗ ಅದನ್ನು ಪರರ ಸೊತ್ತೆಂದು ದೂರವಿಡುವುದು ಎಷ್ಟು ಸರಿ?

ಧಾರ್ಮಿಕ ಸಂಕೋಚವನ್ನು ಲಘುವಾಗಿ ಕಾಣಬೇಕಿಲ್ಲ. ವಾದ್ಯಗಳ ವಿಷಯದಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಬಹುಪಾಲು ಪ್ರಾಚೀನ ವಿದ್ವಾಂಸರು ತಂತಿವಾದ್ಯ ಮತ್ತು ಊದುವ ವಾದ್ಯಗಳನ್ನು ಸಮ್ಮತಿಸಿಲ್ಲ. ಇಮಾಮ್ ಇಬ್ನ್ ಹಝ್ಮ್‌ರಂಥವರು ಈ ನಿಷೇಧವನ್ನು ಒಪ್ಪಿಲ್ಲ. ಆದರೆ ಈದ್‌ನ ದಿನ ಹ. ಆಯಿಶಾ(ರ)ರ ಮನೆಯಲ್ಲಿ ಇಬ್ಬರು ಬಾಲಕಿಯರು ದಫ್ ಬಾರಿಸಿ ಹಾಡುತ್ತಿದ್ದಾಗ ಹ. ಅಬೂಬಕರ್(ರ) ಗದರಿದ್ದೂ, ಪ್ರವಾದಿ(ಸ)ಯವರು ಅವರನ್ನು ಅವರ ಪಾಡಿಗೆ ಬಿಡುವಂತೆ ಹೇಳಿದ್ದೂ ಪ್ರಬಲ ಹದೀಸ್‌ಗಳಲ್ಲಿ ದಾಖಲಾಗಿವೆ. ಸಂಕೋಚವುಳ್ಳ ಶಾಲೆಗಳು ಊದುವ ವಾದ್ಯಗಳನ್ನು ಬಿಟ್ಟು ದಫ್ ಮತ್ತು ಡ್ರಮ್‌ಗಳಿಂದಲೇ ತಂಡ ಕಟ್ಟಬಹುದಲ್ಲವೇ? ಹೆಜ್ಜೆಗೆ ಬೇಕಾದುದು ತಾಳ ಮಾತ್ರ.

ತರಗತಿಯಲ್ಲಿ ಪ್ರಥಮ ಸ್ಥಾನ ಒಬ್ಬನಿಗೆ ಮಾತ್ರ. ಬ್ಯಾಂಡಿನಲ್ಲಿ ಹಾಗಲ್ಲ. ದೊಡ್ಡ ಡ್ರಮ್ಮಿನ ಪೆಟ್ಟಿಗೆ ಇಪ್ಪತ್ತು ಮಕ್ಕಳ ಎಡಗಾಲು ಒಟ್ಟಿಗೆ ನೆಲಕ್ಕೆ ಬೀಳಬೇಕು. ಒಬ್ಬ ತಪ್ಪಿದರೂ ಸಾಲು ಕೆಡುತ್ತದೆ. ಹಾಗಾಗಿ ಜಾಣ ಹುಡುಗ ಹಿಂದುಳಿದವನಿಗಾಗಿ ಕಾಯಲು ಕಲಿಯುತ್ತಾನೆ. ಗಣಿತದಲ್ಲಿ ಅಂಕ ಬಾರದೆ ಕುಗ್ಗಿದ ಹುಡುಗ, ತಾನಿಲ್ಲದೆ ತಂಡ ಹೊರಡುವುದಿಲ್ಲ ಎಂಬುದನ್ನು ಮೊದಲ ಬಾರಿಗೆ ಅರಿಯುತ್ತಾನೆ. ದಿನಕ್ಕೆ ಐದು ಬಾರಿ ಸಫ್ ನೇರಗೊಳಿಸುವ ಸಮುದಾಯಕ್ಕೆ ಸಾಲಿನ ಮಹತ್ವವನ್ನು ಹೊರಗಿನವರು ಕಲಿಸಬೇಕಿಲ್ಲ. ಆದರೆ ಮಸೀದಿಯಿಂದ ಹೊರಬಂದು ಚಪ್ಪಲಿ ಮೆಟ್ಟುವಾಗಲೇ ಆ ಸಾಲು ಎಲ್ಲಿ ಮಾಯವಾಗುತ್ತದೆ ಎಂಬುದನ್ನು ನಾವೇ ಕೇಳಿಕೊಳ್ಳಬೇಕು.

ಆದರೆ ನಮ್ಮ ಆಡಳಿತ ಮಂಡಳಿಗಳು ಬ್ಯಾಂಡನ್ನು ಬಳಸುತ್ತಿರುವುದು ಹೇಗೆ? ಶಾಸಕರೋ ದಾನಿಗಳೋ ಬರುವರೆಂದು ಪಾಠ ಬಿಡಿಸಿ ಮಕ್ಕಳನ್ನು ಗೇಟಿನ ಬಳಿ ಬಿಸಿಲಿಗೆ ನಿಲ್ಲಿಸಲಾಗುತ್ತದೆ. ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಅತಿಥಿ ಬರುವುದು ಹನ್ನೆರಡಕ್ಕೆ. ಅಷ್ಟರಲ್ಲಿ ಭಾರದ ಡ್ರಮ್ ಹೊತ್ತ ಮಗು ಬಸವಳಿದಿರುತ್ತದೆ. ಇದು ಶಿಸ್ತಿನ ಪಾಠವಲ್ಲ, ಪ್ರಭಾವಿಗಳ ಮುಂದೆ ಬಾಗುವ ಪಾಠ. ಎಳೆಯ ವಯಸ್ಸಿನಲ್ಲೇ ಇದನ್ನು ಕಲಿತ ಪೀಳಿಗೆ ನಾಳೆ ತನ್ನ ಹಕ್ಕನ್ನು ಕೇಳೀತೇ?

ಹೆಣ್ಣುಮಕ್ಕಳ ವಿಷಯ ಇನ್ನಷ್ಟು ಗಂಭೀರ. ಏಳನೇ ತರಗತಿಯವರೆಗೆ ತಂಡದ ಮುಂದೆ ನಡೆದವಳನ್ನು ಎಂಟಕ್ಕೆ ಬಂದೊಡನೆ ಪ್ರೇಕ್ಷಕರ ಸಾಲಿಗೆ ಕಳುಹಿಸಲಾಗುತ್ತದೆ. ಆಕ್ಷೇಪ ಉಡುಪಿನದ್ದಾದರೆ ಸಡಿಲ ಉಡುಪು, ಶಿರವಸ್ತ್ರ ಸೇರಿದ ಸಮವಸ್ತ್ರವನ್ನು ಆಡಳಿತ ಮಂಡಳಿಯೇ ರೂಪಿಸಲಿ. ಬೆರೆಯುವುದರ ಬಗ್ಗೆಯಾದರೆ ಪ್ರತ್ಯೇಕ ತಂಡ, ಶಿಕ್ಷಕಿಯರಿಂದಲೇ ತರಬೇತಿ ಇರಲಿ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ರಾಷ್ಟ್ರೀಯ ಶಾಲಾ ಬ್ಯಾಂಡ್ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ಬಾಲಕಿಯರಿಗೆ ಪ್ರತ್ಯೇಕ ವಿಭಾಗಗಳೇ ಇದ್ದವು. ಪರಿಹಾರ ಕಣ್ಣೆದುರಿಗಿರುವಾಗ ಮಗಳ ಕೈಯಿಂದ ಡ್ರಮ್ಮಿನ ಕೋಲು ಕಸಿದುಕೊಳ್ಳುವುದನ್ನು ಧರ್ಮದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಮುಂದಿನ ಪೋಷಕರ ಸಭೆಯಲ್ಲಿ ಫಲಿತಾಂಶದ ಶೇಕಡಾವಾರಿನ ಜೊತೆಗೆ ಇದನ್ನೂ ಕೇಳೋಣ. ನಮ್ಮ ಶಾಲೆಯ ಬ್ಯಾಂಡಿನಲ್ಲಿ ಕಡಿಮೆ ಅಂಕದ ಮಕ್ಕಳೆಷ್ಟು? ಎಂಟನೇ ತರಗತಿ ದಾಟಿದ ಹೆಣ್ಣುಮಕ್ಕಳೆಷ್ಟು? ಕಳೆದ ವರ್ಷ ಅದು ಅತಿಥಿಗಳಿಗಾಗಿ ಎಷ್ಟು ಬಾರಿ ಬಿಸಿಲಲ್ಲಿ ನಿಂತಿತು? ಈ ಮೂರು ಪ್ರಶ್ನೆಗಳ ಉತ್ತರವೇ ಆ ಬ್ಯಾಂಡ್ ಯಾರದೆಂದು ಹೇಳೀತು.