ಮೊದಲ ಆಸನದ ಪಿಟೀಲು



ಮಕ್ಕಳನ್ನು ಪಿಟೀಲಿನ ಪಾಠಕ್ಕೆ ಸೇರಿಸಿದ ತಂದೆತಾಯಿಯರಿಗೆ ನಮ್ಮ ರಾಯಚೂರಿನಲ್ಲಿ ಎದುರಾಗುವ ಮೊದಲ ಪ್ರಶ್ನೆ "ಇದರಿಂದ ಮುಂದೇನು?" ಎಂಬುದು. ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ಪ್ರತಿಭೆಯಿದ್ದರೆ ಸ್ವತಂತ್ರ ಕಚೇರಿ, ಇಲ್ಲವಾದರೆ ಗಾಯಕರ ಪಕ್ಕದಲ್ಲಿ ಕುಳಿತು ಸಾಥ್. ಈ ಎರಡಕ್ಕೂ ಸೇರದ ಮೂರನೆಯ ಮಾರ್ಗವೊಂದಿದೆ. ಅದು ಸಿಂಫನಿ ಆರ್ಕೆಸ್ಟ್ರಾದ ಕನ್ಸರ್ಟ್‌ಮಾಸ್ಟರನ ಬದುಕು. ಆ ಬದುಕಿನಿಂದ ನಾವು ಕಲಿಯಬೇಕಾದುದು ಬಹಳವಿದೆ ಎಂಬುದು ನನ್ನ ಅಭಿಪ್ರಾಯ.

ಆರ್ಕೆಸ್ಟ್ರಾ ಎಂದೊಡನೆ ನಮ್ಮ ಭಾಗದವರಿಗೆ ನೆನಪಾಗುವುದು ಗಣೇಶೋತ್ಸವದ ಪೆಂಡಾಲಿನಲ್ಲಿ ಚಿತ್ರಗೀತೆ ಹಾಡುವ ತಂಡ. ಪಾಶ್ಚಾತ್ಯರ ಸಿಂಫನಿ ಆರ್ಕೆಸ್ಟ್ರಾ ಬೇರೆಯೇ ಬಗೆಯದು. ಅಲ್ಲಿ ಎಂಬತ್ತು, ನೂರು ಮಂದಿ ವಾದಕರಿರುತ್ತಾರೆ; ಎದುರಿಗೆ ಕೋಲು ಹಿಡಿದ ನಿರ್ದೇಶಕರು ನಿಂತಿರುತ್ತಾರೆ. ಅವರ ಎಡಗಡೆ, ಪಿಟೀಲುಗಳ ಮೊದಲ ಸಾಲಿನ ಮೊದಲ ಆಸನದಲ್ಲಿ ಕುಳಿತವರೇ ಕನ್ಸರ್ಟ್‌ಮಾಸ್ಟರ್. ಇಂಗ್ಲೆಂಡಿನಲ್ಲಿ ಇವರನ್ನು ಲೀಡರ್ ಎನ್ನುತ್ತಾರೆ. ಕಾರ್ಯಕ್ರಮಕ್ಕೆ ಮುನ್ನ ಇವರು ಎದ್ದು ನಿಂತು ಸನ್ನೆ ಮಾಡಿದಾಗ ಓಬೋ ಎಂಬ ಊದುವ ವಾದ್ಯ ಒಂದೇ ಸ್ವರವನ್ನು ಹಿಡಿಯುತ್ತದೆ. ಉಳಿದವರೆಲ್ಲರೂ ಅದಕ್ಕೆ ಶ್ರುತಿ ಸೇರಿಸಿಕೊಳ್ಳುತ್ತಾರೆ.

ಇದು ಸಭಿಕರ ಕಣ್ಣಿಗೆ ಕಾಣುವ ಭಾಗ. ಕಾಣದ ಕೆಲಸ ಇನ್ನೂ ದೊಡ್ಡದು. ಯಾವ ಸ್ವರಕ್ಕೆ ಕಮಾನು ಕೆಳಕ್ಕೆಳೆಯಬೇಕು, ಯಾವುದಕ್ಕೆ ಮೇಲಕ್ಕೊತ್ತಬೇಕು ಎಂಬುದನ್ನು ತೀರ್ಮಾನಿಸಿ ಸ್ವರಲಿಪಿಯಲ್ಲಿ ಗುರುತು ಹಾಕುವವರು ಇವರೇ. "ಇಲ್ಲಿ ಇನ್ನಷ್ಟು ಮೃದುವಾಗಲಿ" ಎಂದು ನಿರ್ದೇಶಕರು ಹೇಳಿದರೆ, ಆ ಮೃದುತ್ವವನ್ನು ಕೈಯ ಕೆಲಸವಾಗಿ ಪರಿವರ್ತಿಸುವ ಹೊಣೆ ಇವರದು. ರಿಮ್‌ಸ್ಕಿ ಕೊರ್ಸಕೋವ್ ಅವರ 'ಶೆಹೆರಜಾದೆ'ಯಂತಹ ಕೃತಿಗಳಲ್ಲಿ ದೀರ್ಘ ಏಕವಾದನವೂ ಇವರ ಪಾಲಿಗೆ ಬರುತ್ತದೆ. ಅದು ಮುಗಿದೊಡನೆ ಮತ್ತೆ ಗುಂಪಿನೊಳಗೆ ಕರಗಬೇಕು. ಈ ಹುದ್ದೆಗೆ ಆಯ್ಕೆ ಮಾಡುವಾಗ ಬೆರಳಿನ ಚಾತುರ್ಯವೊಂದನ್ನೇ ನೋಡುವುದಿಲ್ಲ. ಅಭ್ಯರ್ಥಿಯನ್ನು ಹಲವು ವಾರ ಆ ಆಸನದಲ್ಲಿ ಕೂರಿಸಿ, ಉಳಿದವರು ಆತನನ್ನು ನಂಬಿ ನುಡಿಸುವರೇ ಎಂದು ಪರೀಕ್ಷಿಸುವುದುಂಟು.

1986ರ ಜುಲೈಯಲ್ಲಿ ಅಮೆರಿಕದ ಟ್ಯಾಂಗಲ್‌ವುಡ್‌ನಲ್ಲಿ ನಡೆದ ಘಟನೆಯೊಂದಿದೆ. ಮಿಡೋರಿ ಎಂಬ ಹದಿನಾಲ್ಕು ವರ್ಷದ ಜಪಾನಿ ಬಾಲಕಿ ಬಾಸ್ಟನ್ ಸಿಂಫನಿಯೊಂದಿಗೆ ನುಡಿಸುತ್ತಿದ್ದಾಗ ಅವಳ ಪಿಟೀಲಿನ ತಂತಿ ಹರಿಯಿತು. ಕನ್ಸರ್ಟ್‌ಮಾಸ್ಟರ್ ಮಾಲ್ಕಮ್ ಲೋ ಕೂಡಲೇ ತಮ್ಮ ವಾದ್ಯವನ್ನು ಅವಳಿಗೆ ಕೊಟ್ಟರು. ಆ ತಂತಿಯೂ ಹರಿಯಿತು. ಆಗ ಅವರ ಪಕ್ಕದವರ ವಾದ್ಯ ಅವಳ ಕೈಸೇರಿತು. ಬಾಲಕಿ ಕೃತಿಯನ್ನು ಪೂರ್ಣಗೊಳಿಸಿದಳು. ಪತ್ರಿಕೆಗಳು ಬಾಲಕಿಯ ಧೈರ್ಯವನ್ನು ಹೊಗಳಿದವು, ಅದು ಸರಿಯೇ. ಆದರೆ ಒಂದು ಕ್ಷಣವೂ ತಡೆಯದೆ ತನ್ನ ವಾದ್ಯವನ್ನು ಕೊಟ್ಟುಬಿಡುವ ಮನಸ್ಸನ್ನು ನಾನು ಅಷ್ಟೇ ಗೌರವಿಸುತ್ತೇನೆ. ಲೋ ಅವರು 1984ರಿಂದ 2019ರವರೆಗೆ, ಮೂವತ್ತೈದು ವರ್ಷ, ಆ ಆಸನದಲ್ಲಿದ್ದರು.

ಇದು ನಮಗೆ ಸಂಬಂಧವಿಲ್ಲದ ಪರದೇಶದ ವಿಷಯವೆಂದು ಭಾವಿಸಬೇಡಿರಿ. ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ಅದರ ಆರಂಭದ ವರ್ಷಗಳಲ್ಲಿ ಆಸರೆಯಾದವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರು. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್ ಅವರ 'ಕೊನೆಯ ನಾಲ್ಕು ಗೀತೆಗಳು' ಮೊದಲ ಬಾರಿಗೆ ಹಾಡಲ್ಪಟ್ಟದ್ದು ಒಡೆಯರ ಧನಸಹಾಯದಿಂದ. ಆ ಗೀತೆಗಳಲ್ಲಿ ಮೂರನೆಯದರ ನಡುವೆ ಗಾಯಕಿ ಮೌನವಾಗುತ್ತಾರೆ. ಲೀಡರನ ಪಿಟೀಲು ಒಂಟಿಯಾಗಿ ಹಾಡುತ್ತದೆ. ಮುಂಬಯಿಯ ಮೆಹ್ಲಿ ಮೆಹ್ತಾ ಅವರು 1935ರಲ್ಲಿ ಬಾಂಬೆ ಸಿಂಫನಿ ಆರ್ಕೆಸ್ಟ್ರಾವನ್ನು ಕಟ್ಟಿ, ಅದರ ಕನ್ಸರ್ಟ್‌ಮಾಸ್ಟರ್ ಆಗಿದ್ದರು. ಮುಂದೆ ಮ್ಯಾಂಚೆಸ್ಟರಿನ ಹ್ಯಾಲೆ ಆರ್ಕೆಸ್ಟ್ರಾದಲ್ಲಿ ಸಹಾಯಕ ಸ್ಥಾನವನ್ನೂ ಸಂತೋಷದಿಂದ ನಿರ್ವಹಿಸಿದರು. ಪ್ರಸಿದ್ಧ ನಿರ್ದೇಶಕ ಜುಬಿನ್ ಮೆಹ್ತಾ ಇವರ ಮಗ.

ನಮ್ಮ ಸಂಗೀತದಲ್ಲಿ ವ್ಯಕ್ತಿಯೇ ಪ್ರಧಾನ. ವೃಂದ ನಮ್ಮ ಸಂಪ್ರದಾಯವಲ್ಲ ಎಂದು ವಾದಿಸುವವರುಂಟು. ಈ ಮಾತನ್ನು ಪೂರ್ಣವಾಗಿ ಒಪ್ಪಲಾರೆ. ಏಳು ತಂತಿಯ ಪಿಟೀಲಿನ ಮೈಸೂರು ಚೌಡಯ್ಯನವರು (1895-1967) ತಮ್ಮ ಆಯುಷ್ಯದ ಬಹುಭಾಗವನ್ನು ಗಾಯಕರ ಪಕ್ಕದಲ್ಲಿಯೇ ಕಳೆದವರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನ ಎದ್ದುನಿಂತದ್ದು ಅವರ ಹೆಸರಿನಲ್ಲಿ. ಆಕಾಶವಾಣಿಯು 1952ರಲ್ಲಿ ದೆಹಲಿಯಲ್ಲಿ ವಾದ್ಯವೃಂದವನ್ನು ಸ್ಥಾಪಿಸಿದಾಗ ರವಿಶಂಕರ್ ಅವರೊಂದಿಗೆ ಅದನ್ನು ನಡೆಸಿದವರು ಪಿಟೀಲು ವಿದ್ವಾಂಸ ಟಿ. ಕೆ. ಜಯರಾಮ ಅಯ್ಯರ್. ಅಷ್ಟೇಕೆ, ಜಗನ್ನಾಥದಾಸರ ಮಾನ್ವಿಯಲ್ಲಿ ಭಜನೆಗೆ ಕುಳಿತು ನೋಡಿರಿ. ತಾಳ ಹಿಡಿದ ಹಿರಿಯರೊಬ್ಬರು ಲಯವನ್ನು ಕೊಂಚ ಏರಿಸಿದರೆ ಸಾಲಾಗಿ ಕುಳಿತವರೆಲ್ಲರೂ ಏರುತ್ತಾರೆ, ಯಾರಿಗೂ ಹೇಳಬೇಕಾಗುವುದಿಲ್ಲ. ಮುನ್ನಡೆಸುವುದೆಂದರೆ ಇದೇ.

ನಮ್ಮಲ್ಲಿ ಕೊರತೆಯಿರುವುದು ಸಂಪ್ರದಾಯದ್ದಲ್ಲ. ಆಸನಗಳದ್ದು, ಮತ್ತು ಆ ಆಸನವನ್ನು ಗುರುತಿಸುವ ಕಣ್ಣಿನದು. ನಾನು ದೇವದುರ್ಗ ತಾಲ್ಲೂಕಿನಲ್ಲಿ ಪಾಠ ಹೇಳುತ್ತಿದ್ದಾಗ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಬಾಲಕಿಯೊಬ್ಬಳು ಇಡೀ ಸಮೂಹಗಾನವನ್ನು ಶ್ರುತಿಯಲ್ಲಿ ಹಿಡಿದು ನಡೆಸಿದಳು. ಆಕೆ ತಪ್ಪಿದ್ದರೆ ಹಾಡೇ ಕುಸಿಯುತ್ತಿತ್ತು. ಬಹುಮಾನ ಮಾತ್ರ ಮುಂದೆ ನಿಂತು ಒಂದು ನುಡಿ ಹಾಡಿದ ಹುಡುಗನಿಗೆ ಹೋಯಿತು. "ಗುಂಪಿಗೆ ಬಹುಮಾನ ಕೊಡುವ ಪದ್ಧತಿ ಇಲ್ಲ ಮೇಷ್ಟ್ರೇ" ಎಂದರು ವ್ಯವಸ್ಥಾಪಕರು. ಆ ಪದ್ಧತಿ ಇಂದಿಗೂ ಹಾಗೆಯೇ ಉಳಿದಿದೆ. ತರಗತಿಗೆ ಒಬ್ಬನೇ ಪ್ರಥಮ, ವೇದಿಕೆಗೆ ಒಬ್ಬನೇ ನಾಯಕ. ಉಳಿದವರು ಚಪ್ಪಾಳೆ ತಟ್ಟಬೇಕು.

ಆದ್ದರಿಂದ ನನ್ನ ಸಲಹೆ ಸರಳವಾದುದು. ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ, ಕೆಲವರು ಆಡಳಿತ ಮಂಡಳಿಗಳಲ್ಲಿದ್ದೀರಿ. ನಿಮ್ಮ ಶಾಲೆಯಲ್ಲಿ ಹತ್ತು ಮಕ್ಕಳ ಒಂದು ಪುಟ್ಟ ವಾದ್ಯವೃಂದವನ್ನು ಕಟ್ಟಿರಿ. ಹಾರ್ಮೋನಿಯಂ, ಕೊಳಲು, ತಬಲಾ, ಎರಡು ಪಿಟೀಲು ಸಾಕು. ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರು ಬ್ಯಾಂಡಿನ ವಾದ್ಯವೆನಿಸಿದ್ದ ಕ್ಲಾರಿಯೋನೆಟ್ಟಿನಲ್ಲಿ ರಾಗ ವಿಸ್ತಾರ ಮಾಡಿ ತೋರಿಸಿದ ನೆಲ ಇದು. ವಾದ್ಯ ಯಾವುದೆಂಬುದು ಅಡ್ಡಿಯಲ್ಲ. ಪ್ರತಿ ತಿಂಗಳು ಬೇರೆ ಮಗುವನ್ನು ಮೊದಲ ಆಸನದಲ್ಲಿ ಕೂರಿಸಿರಿ.

ಅವರಲ್ಲಿ ಒಬ್ಬರೂ ಬಾಸ್ಟನ್ನಿಗೋ ಲಂಡನ್ನಿಗೋ ಹೋಗದಿರಬಹುದು. ಆದರೆ ತನ್ನ ಪಕ್ಕದವನ ಸ್ವರವನ್ನು ಆಲಿಸುತ್ತಲೇ ತಾನೂ ನುಡಿಸುವುದನ್ನು, ಎಲ್ಲರನ್ನೂ ಜೊತೆಗೆ ಕರೆದೊಯ್ಯುವುದನ್ನು ಕಲಿತ ಮಗು, ಮುಂದೆ ಆಸ್ಪತ್ರೆಯಲ್ಲಿರಲಿ, ಕಚೇರಿಯಲ್ಲಿರಲಿ, ಹೊಲದಲ್ಲಿರಲಿ, ಹತ್ತು ಜನರಿಗೆ ಬೇಕಾದವನಾಗಿ ಬಾಳುತ್ತದೆ. "ಮುಂದೇನು?" ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.